ಲೋ ಗೇರಿನ ಕೋಲು ಎಲ್ಲಿ ಹೋಯಿತು?

ಪ್ರಶ್ನೆ: ಸಕಲೇಶಪುರದ ಹತ್ತಿರ ನಮ್ಮದು ಇಪ್ಪತ್ತೆರಡು ಎಕರೆ ಕಾಫಿ ತೋಟ. ಮನೆಯಲ್ಲಿ 2012ರ ಥಾರ್ ಜೀಪು ಇದೆ. ಮಕ್ಕಳ ಒತ್ತಾಯಕ್ಕೆ ಕಳೆದ ವರ್ಷ ಹೊಸದೊಂದು ಫೋರ್ ವ್ಹೀಲ್ ಡ್ರೈವ್ ಡೀಸೆಲ್ ಎಸ್‌ಯುವಿ ಕೊಂಡೆ. ಈ ಜುಲೈಯಲ್ಲಿ ಪಂಪ್‌ಹೌಸಿನಿಂದ ಮೇಲೆ ಬರುವ ಕೆಸರಿನ ಏರಿನಲ್ಲಿ ಅದು ಅರ್ಧಕ್ಕೇ ನಿಂತಿತು. ಆಕ್ಸಿಲರೇಟರ್ ಪೂರ್ತಿ ಒತ್ತಿದರೂ ಇಂಜಿನ್ ಏರಲಿಲ್ಲ. ನಾಲ್ಕೂ ಚಕ್ರಕ್ಕೆ ನಿಧಾನದ, ಹೆಚ್ಚು ಬಲದ ಗೇರು ಹಾಕುವ ಫೋರ್ ಲೋ ಸ್ವಿಚ್ ತಿರುಗಿಸಿದರೆ ದೀಪ ಮಿನುಗಿತೇ ಹೊರತು ಗೇರು ಹಿಡಿಯಲಿಲ್ಲ. ಕೊನೆಗೆ ಹಳೆಯ ಜೀಪು ತಂದು ಹಗ್ಗ ಕಟ್ಟಿ ಎಳೆಸಿದೆವು. ಸಾಲದ್ದಕ್ಕೆ ಎಸಿ, ಫ್ಯಾನು ಎಲ್ಲವೂ ಟಚ್ ಪರದೆಯೊಳಗೆ ಸೇರಿಕೊಂಡಿವೆ. ಈಗ ಡಿಪಿಎಫ್ ಎಂಬ ಹಳದಿ ದೀಪ ಬೇರೆ ಬಂದಿದೆ. ಇಷ್ಟು ಹಣ ಕೊಟ್ಟು ಹಿಂದಕ್ಕೆ ಹೋದಂತಾಗಿದೆ. ಮಾರಿಬಿಡಲೇ?

ಉತ್ತರ: ಹಳೆಯ ಜೀಪು ಹೊಸ ಗಾಡಿಯನ್ನು ಎಳೆದದ್ದನ್ನು ನೀವು ಬರೆದಿರುವ ಧಾಟಿಯಲ್ಲಿ ನೋವಿಗಿಂತ ಖುಷಿಯೇ ಒಂದು ತೂಕ ಹೆಚ್ಚು ಕಂಡಿತು. ತಪ್ಪೇನಿಲ್ಲ. ಮಲೆನಾಡಿನಲ್ಲಿ ಇಪ್ಪತ್ತೆಂಟು ವರ್ಷದಿಂದ ಗ್ಯಾರೇಜು ನಡೆಸುತ್ತಿರುವ ನನಗೆ ಮಳೆಗಾಲ ಹಿಡಿದರೆ ಈ ಕಥೆ ವಾರಕ್ಕೆ ಎರಡು ಸಲವಾದರೂ ಕಿವಿಗೆ ಬೀಳುತ್ತದೆ. ಆದರೆ ನಿಮ್ಮ ನಾಲ್ಕು ದೂರುಗಳು ಒಂದೇ ಜಾತಿಯವಲ್ಲ. ಒಂದು ಕಾನೂನಿನಿಂದ ಬಂದದ್ದು, ಎರಡು ಕಂಪನಿಗಳ ಜಿಪುಣತನದಿಂದ ಬಂದವು, ಇನ್ನೊಂದರಲ್ಲಿ ಅರ್ಧ ಪಾಲು ನಿಮ್ಮ ಬಲಗಾಲಿನದು. ಬೇಸರಿಸಬೇಡಿ, ನನ್ನ ಬಲಗಾಲೂ ಅದೇ ತಪ್ಪು ಮಾಡಿಯೇ ಕಲಿತದ್ದು.

ಮೊದಲು ಆ ಏರು. ಇಂಜಿನ್ ಏರಲಿಲ್ಲ ಎಂದಿರಿ. ಅದಕ್ಕೆ ಬಲವಿಲ್ಲದೆ ಅಲ್ಲ, ಯಾರೋ ಕೈ ಹಿಡಿದು ನಿಲ್ಲಿಸಿದರು. ನಿಮ್ಮ 2012ರ ಜೀಪಿನಲ್ಲೂ ಪೆಡಲಿಗೂ ಇಂಜಿನ್ನಿಗೂ ನಡುವೆ ಒಂದು ಕಂಪ್ಯೂಟರ್ ಇದ್ದೀತು. ಆದರೆ ಅದಕ್ಕೆ ಚಕ್ರಗಳ ಉಸಾಬರಿ ಇಲ್ಲ. ಹೊಸ ಗಾಡಿಯಲ್ಲಿ ಇಎಸ್‌ಪಿ ಎಂಬ ವ್ಯವಸ್ಥೆ ನಾಲ್ಕೂ ಚಕ್ರಗಳ ವೇಗವನ್ನು ಕ್ಷಣಕ್ಷಣವೂ ಎಣಿಸುತ್ತಿರುತ್ತದೆ. ಚಕ್ರ ಸುಮ್ಮನೆ ತಿರುಗತೊಡಗಿದರೆ 'ಗಾಡಿ ಜಾರುತ್ತಿದೆ' ಎಂದು ತಿಳಿದು ಇಂಜಿನ್ನಿನ ಬಲವನ್ನು ಕಡಿತಗೊಳಿಸುತ್ತದೆ. ಶಿರಾಡಿ ಘಾಟಿಯ ಒದ್ದೆ ತಿರುವಿನಲ್ಲಿ ಅದು ಮಾಡುವುದು ಸರಿಯಾದ ಕೆಲಸ. ಅಲ್ಲಿ ಅದು ನಿಮ್ಮನ್ನು ಉಳಿಸಿಯೂ ಇದ್ದೀತು, ನಿಮಗೆ ಗೊತ್ತಾಗಿರಲಿಕ್ಕಿಲ್ಲ. ಪಂಪ್‌ಹೌಸಿನ ಏರಿನಲ್ಲಿ ಅದೇ ಕೆಲಸ ತಪ್ಪು. ಕೆಸರಿನಲ್ಲಿ ಚಕ್ರ ಸ್ವಲ್ಪ ತಿರುಗಲೇಬೇಕು, ಮೇಲಿನ ಲೊಳೆಯನ್ನು ಬಳಿದು ಕೆಳಗಿನ ಗಟ್ಟಿ ಮಣ್ಣನ್ನು ಹಿಡಿಯಬೇಕು.

ಡ್ಯಾಶ್‌ಬೋರ್ಡಿನಲ್ಲಿ ಜಾರುವ ಕಾರಿನ ಚಿತ್ರವಿರುವ ಒಂದು ಗುಂಡಿ ಇರುತ್ತದೆ. ಅದನ್ನು ಒಮ್ಮೆ ಒತ್ತಿ ಬಿಟ್ಟರೆ ಅನೇಕ ಗಾಡಿಗಳಲ್ಲಿ ಇಎಸ್‌ಪಿ ಅರ್ಧ ಮಾತ್ರ ಆರುತ್ತದೆ. ಕೆಲವು ಸೆಕೆಂಡು ಒತ್ತಿಯೇ ಹಿಡಿದರೆ ಪೂರ್ತಿ. ಫೋರ್ ಲೋ ಹಾಕಿದಾಗ ಇಎಸ್‌ಪಿ ತಾನಾಗಿ ಹಿಂದೆ ಸರಿಯುವ ಗಾಡಿಗಳೂ ಇವೆ. ನಿಮ್ಮದು ಯಾವ ಬಗೆ ಎಂಬುದು ಕೈಪಿಡಿಯಲ್ಲಿದೆ. ಗಾಡಿ ಕೊಡುವ ದಿನ ಹಾರ ಹಾಕಿ, ಫೋಟೋ ತೆಗೆದು, ಪರದೆಗೆ ಮೊಬೈಲ್ ಜೋಡಿಸುವುದನ್ನು ಅರ್ಧ ಗಂಟೆ ಹೇಳಿಕೊಟ್ಟ ಹುಡುಗ ಈ ಒಂದು ಗುಂಡಿಯ ಬಗ್ಗೆ ಬಾಯಿ ಬಿಟ್ಟಿರುವುದಿಲ್ಲ.

ಇನ್ನು ಬಲಗಾಲಿನ ಮಾತು. ಡಿಫರೆನ್ಷಿಯಲ್ ಎಂಬುದು ಎಡ ಬಲ ಚಕ್ರಗಳಿಗೆ ಬಲವನ್ನು ಸಮನಾಗಿ ಹಂಚುವ ಪೆಟ್ಟಿಗೆ. ಸಮನಾಗಿ ಹಂಚುವುದೇ ಅದರ ಗುಣ, ಅದರ ದೋಷವೂ ಅದೇ. ಒಂದು ಚಕ್ರ ಲೊಳೆಯಲ್ಲಿದ್ದು ಅದನ್ನು ತಿರುಗಿಸಲು ಏನೇನೂ ಬಲ ಬೇಡವಾದರೆ, ಗಟ್ಟಿ ನೆಲದ ಮೇಲಿರುವ ಚಕ್ರಕ್ಕೂ ಅಷ್ಟೇ ಕಡಿಮೆ ಬಲ ಸಿಗುತ್ತದೆ. ಹೀಗೆ ಹಿಂದೊಂದು ಮುಂದೊಂದು ಚಕ್ರ ಜಾರಿದರೆ ನಾಲ್ಕು ಚಕ್ರದ ಗಾಡಿಯೂ ನಿಂತಲ್ಲೇ ನಿಲ್ಲುತ್ತದೆ. ಹಳೆಯ ಚಾಲಕರು ಇದಕ್ಕೊಂದು ಉಪಾಯ ಕಂಡುಕೊಂಡಿದ್ದರು. ಆಕ್ಸಿಲರೇಟರ್ ಮೇಲೆ ಕಾಲಿಟ್ಟೇ ಎಡಗಾಲಿನಿಂದ ಬ್ರೇಕನ್ನು ಸ್ವಲ್ಪ ಸವರುವುದು. ಸುಮ್ಮನೆ ತಿರುಗುವ ಚಕ್ರಕ್ಕೆ ಬ್ರೇಕು ಎದುರು ನಿಂತರೆ, ಆ ಎದುರಿನಷ್ಟು ಬಲ ಆಚೆಯ ಚಕ್ರಕ್ಕೂ ಹೋಗುತ್ತದೆ.

ನಿಮ್ಮ ಹೊಸ ಗಾಡಿ ಮಾಡುವುದೂ ಇದನ್ನೇ, ಇನ್ನೂ ಚೊಕ್ಕಟವಾಗಿ. ಬ್ರೇಕು ಹಿಡಿದಾಗ ಚಕ್ರ ಕಟ್ಟಿಕೊಂಡು ಜಾರದಂತೆ ನೋಡುವ ಎಬಿಎಸ್ ವ್ಯವಸ್ಥೆಯ ಪಂಪು ಜಾರುವ ಚಕ್ರವೊಂದಕ್ಕೇ ಬ್ರೇಕು ಹಿಡಿಯುತ್ತದೆ. ಬ್ರೇಕ್ ಲಾಕಿಂಗ್ ಡಿಫರೆನ್ಷಿಯಲ್ ಎಂದು ದೊಡ್ಡ ಹೆಸರಿಟ್ಟು ಮಾರುವುದು ಈ ಕೆಲಸವನ್ನೇ. ಇದಕ್ಕೊಂದು ಷರತ್ತಿದೆ. ಚಕ್ರ ಜಾರಿದ ಮೇಲೆಯೇ ಪಂಪಿಗೆ ವಿಷಯ ತಿಳಿಯುವುದು. ಅಷ್ಟರಲ್ಲಿ ನೀವು ಹಳೆಯ ಅಭ್ಯಾಸದಂತೆ 'ಚಕ್ರ ತಿರುಗುತ್ತಿದೆ, ಗುಂಡಿ ತೋಡುತ್ತದೆ' ಎಂದು ಕಾಲು ತೆಗೆದಿರುತ್ತೀರಿ. ಪಂಪೂ ಕೈಬಿಡುತ್ತದೆ. ಮತ್ತೆ ಒತ್ತುತ್ತೀರಿ, ಮತ್ತೆ ಚಕ್ರ ಜಾರುತ್ತದೆ, ಮತ್ತೆ ಕಾಲು ತೆಗೆಯುತ್ತೀರಿ. ಗಾಡಿಯೂ ನೀವೂ ದಾರಿಬಿಡುವ ಸೌಜನ್ಯದಲ್ಲಿ ಬಾಗಿಲಲ್ಲೇ ನಿಂತ ಇಬ್ಬರು ನೆಂಟರಂತೆ ಆಗುತ್ತೀರಿ.

ಮುಂದಿನ ಸಲ ಹೀಗೆ ಮಾಡಿ. ಏರು ಶುರುವಾಗುವ ಮೊದಲೇ ಗಟ್ಟಿ ನೆಲದಲ್ಲಿ ಫೋರ್ ಲೋ ಹಾಕಿ, ಇಎಸ್‌ಪಿ ಆರಿಸಿ, ಎರಡನೆಯ ಗೇರಿನಲ್ಲಿ ಹೊರಡಿ. ಸ್ಟೀರಿಂಗ್ ಆದಷ್ಟು ನೇರವಾಗಿರಲಿ. ಇಂಜಿನ್ ಒಂದೂವರೆಯಿಂದ ಎರಡು ಸಾವಿರ ಸುತ್ತಿನಲ್ಲಿ ಇರುವಷ್ಟು ಒತ್ತಿ, ಚಕ್ರ ಜಾರಿದರೂ ಕಾಲನ್ನು ಕದಲಿಸಬೇಡಿ, ಹೆಚ್ಚಿಗೆ ಒತ್ತಲೂ ಬೇಡಿ. ಕಾಫಿ ಹಣ್ಣು ಸುಲಿಯುವ ಪಲ್ಪರಿಗೆ ಕಲ್ಲು ಸಿಕ್ಕಂತೆ ಕೆಳಗಿನಿಂದ ಕರಕರ ಸದ್ದು ಬರುತ್ತದೆ. ಹೆದರಬೇಡಿ, ಪಂಪು ಕೆಲಸ ಮಾಡುತ್ತಿರುವ ಸದ್ದು ಅದು. ಎರಡು ಮೂರು ಸೆಕೆಂಡು ತಾಳಿಕೊಂಡರೆ ಗಾಡಿ ಒಂದು ಸಲ ಮೈ ಕೊಡವಿ ಮುಂದಕ್ಕೆ ನೆಗೆಯುವುದು ಸೀಟಿಗೇ ತಿಳಿಯುತ್ತದೆ.

ಹಾಗೆಂದು ಈ ಬ್ರೇಕಿನ ಉಪಾಯ ನಿಜವಾದ ಲಾಕಿಗೆ ಸಮ ಎಂದು ನಾನು ಹೇಳುವುದಿಲ್ಲ. ಉದ್ದನೆಯ ಕೆಸರಿನಲ್ಲಿ ಬ್ರೇಕು ಬಿಸಿಯಾಗುತ್ತದೆ, ಬಿಸಿಯಾದರೆ ಪಂಪು ವಿಶ್ರಾಂತಿ ಕೇಳುತ್ತದೆ. ಲಾಕಾದರೆ ಎರಡು ಚಕ್ರಗಳನ್ನು ಒಂದೇ ಅಚ್ಚಿಗೆ ಕಟ್ಟಿದಂತೆ. ಕೇಳಿಕೊಳ್ಳುವ ಪ್ರಶ್ನೆಯೇ ಇಲ್ಲ. ಥಾರ್ ಗಾಡಿಗಳಲ್ಲಿ ಬಂದ ಮೆಕ್ಯಾನಿಕಲ್ ಲಾಕಿಂಗ್ ಡಿಫರೆನ್ಷಿಯಲ್ ಒಂದು ಸೊಗಸಾದ ವಸ್ತು. ಎರಡು ಚಕ್ರಗಳ ನಡುವೆ ನಿಮಿಷಕ್ಕೆ ಸುಮಾರು 100 ಸುತ್ತಿನ ವ್ಯತ್ಯಾಸ ಬಂದರೆ ಒಳಗಿನ ತೂಕದ ಗುಂಡು ಹೊರಕ್ಕೆ ಹಾರಿ ತಾನಾಗಿ ಕಚ್ಚಿಕೊಳ್ಳುತ್ತದೆ. ಅದಕ್ಕೆ ವೈರೂ ಬೇಡ, ಸೆನ್ಸರೂ ಬೇಡ. 2023ರ ಆರಂಭದಲ್ಲಿ ಥಾರ್ ಸಾಲನ್ನು ಪರಿಷ್ಕರಿಸಿದಾಗ ಫೋರ್ ವ್ಹೀಲ್ ಮಾದರಿಗಳಿಗೆ ಬ್ರೇಕಿನ ವ್ಯವಸ್ಥೆ ಬಂತು, ಈ ಲಾಕು ಮೇಲ್ದರ್ಜೆಯ ಡೀಸೆಲ್ ಮಾದರಿಯ ಆಯ್ಕೆಯಾಗಿ ಉಳಿಯಿತು. ಕಾರಣ ಊಹಿಸುವುದು ಕಷ್ಟವಲ್ಲ. 2019ರ ಏಪ್ರಿಲ್‌ನಿಂದ ಎಲ್ಲ ಕಾರುಗಳಿಗೂ ಎಬಿಎಸ್ ಕಡ್ಡಾಯ. ಹೇಗೂ ಪಂಪು ಗಾಡಿಯಲ್ಲಿ ಕುಳಿತಿದೆ, ಅದಕ್ಕೆ ಇನ್ನೊಂದಿಷ್ಟು ಸಾಫ್ಟ್‌ವೇರ್ ತುಂಬಿದರೆ ಒಂದು ಪೆಟ್ಟಿಗೆಯ ಉಕ್ಕು ಉಳಿಯಿತು. ಲೆಕ್ಕ ಬರೆಯುವವನಿಗೆ ಇದಕ್ಕಿಂತ ಸಿಹಿ ಸುದ್ದಿ ಬೇರೆ ಬೇಕೇ?

ಒಂದು ವಿಷಯ ನೀವು ಬರೆದಿಲ್ಲ, ಆದರೂ ಕೇಳುತ್ತೇನೆ. ಹೊಸ ಗಾಡಿಯ ಟೈರು ಯಾವುದು? ಜೀಪಿಗೆ ನೀವು ಎಂದೋ ಮಡ್ ಟೈರು ಹಾಕಿಸಿರುತ್ತೀರಿ, ಹೊಸದರಲ್ಲಿ ಹೆದ್ದಾರಿಗೆ ಹೊಂದುವ ಟೈರು ಇರುತ್ತದೆ. ಹಾಗಿದ್ದರೆ ಆ ದಿನದ ಪಂದ್ಯ ಗಾಡಿಗಳ ನಡುವೆ ನಡೆದದ್ದಲ್ಲ, ಟೈರುಗಳ ನಡುವೆ. ದೊಡ್ಡ ರಿಮ್ಮಿನ ಹುಚ್ಚೂ ಇಲ್ಲಿ ಸೇರಿಕೊಂಡಿದೆ. 2020ರ ಥಾರ್‌ನಲ್ಲೇ ಎರಡು ಅಳತೆಗಳಿದ್ದವು: ಒಂದು 245/75 ಆರ್16, ಇನ್ನೊಂದು 255/65 ಆರ್18. ಮೊದಲನೆಯದರಲ್ಲಿ ರಬ್ಬರಿನ ಪಕ್ಕದ ಗೋಡೆ ಸುಮಾರು 184 ಮಿಲಿಮೀಟರ್, ಎರಡನೆಯದರಲ್ಲಿ 166. ಷೋರೂಮಿನಲ್ಲಿ ಚಂದ ಕಾಣುವುದು 18 ಇಂಚಿನದು. ಗಾಳಿ ಇಳಿಸಿ ಕೆಸರಿಗೆ ಹೋದಾಗ ಮೈ ಬಿಟ್ಟು ಹರಡುವುದೂ, ಚೂಪು ಕಲ್ಲು ತಾಗಿದಾಗ ರಿಮ್ಮನ್ನು ಕಾಯುವುದೂ 16ರದು. ನಿಮ್ಮ ಮಾದರಿಯ ಕೆಳದರ್ಜೆಯಲ್ಲಿ ಚಿಕ್ಕ ರಿಮ್ ಇದ್ದರೆ ಅದು ನಿಮ್ಮ ಬ್ರೇಕಿಗೆ ಹೊಂದುತ್ತದೆಯೇ ಎಂದು ವಿಚಾರಿಸಿ, ರಸ್ತೆಗೂ ಕೆಸರಿಗೂ ಹೊಂದುವ ಆಲ್ ಟೆರೈನ್ ಟೈರಿನೊಂದಿಗೆ ಹಾಕಿಸಿ. ನಾನಾದರೆ ಬೇರೆ ಯಾವ ಖರ್ಚಿಗೂ ಮೊದಲು ಇದನ್ನು ಮಾಡುತ್ತೇನೆ. ಕೆಸರಿನ ದಿನಗಳಲ್ಲಿ ಗಾಳಿಯನ್ನು ಇಪ್ಪತ್ತು ಪಿಎಸ್‌ಐ ಆಸುಪಾಸಿಗೆ ಇಳಿಸಿದರೆ ಡ್ಯಾಶ್‌ಬೋರ್ಡು ಬಾಯಿ ಬಡಿದುಕೊಳ್ಳುತ್ತದೆ, ಬಡಿದುಕೊಳ್ಳಲಿ. ಡಾಂಬರು ರಸ್ತೆಗೆ ಬರುವ ಮೊದಲು ಮಾತ್ರ ಮರೆಯದೆ ತುಂಬಿಸಿ.

ಮಿನುಗುವ ಫೋರ್ ಲೋ ದೀಪಕ್ಕೆ ಬರೋಣ. ಹಳೆಯ ಜೀಪಿನಲ್ಲಿ ಗೇರಿನ ಕೋಲಿನ ಪಕ್ಕ ಒಂದು ಚಿಕ್ಕ ಕೋಲು ಇದೆಯಲ್ಲ, ಅದನ್ನು ಎಳೆದಾಗ ಹಲ್ಲಿಗೆ ಹಲ್ಲು ತಾಗಿ ಮೊದಲು ಕರ್ ಎನ್ನುವುದು, ಆಮೇಲೆ ಕಟಕ್ ಎಂದು ಕೂರುವುದು ಅಂಗೈಗೇ ಗೊತ್ತಾಗುತ್ತದೆ. ಕೂರದಿದ್ದರೆ ಕ್ಲಚ್ ಬಿಟ್ಟು ಹಿಡಿದು, ಗಾಡಿಯನ್ನು ಒಂದು ಗೇಣು ಉರುಳಿಸಿ ಕೂರಿಸುತ್ತೀರಿ. ಹೊಸದರಲ್ಲೂ ಒಳಗಿರುವುದು ಅವೇ ಹಲ್ಲುಗಳು. ಕೋಲಿನ ಬದಲು ಒಂದು ಮೋಟಾರು ತಳ್ಳುತ್ತದೆ, ಅಷ್ಟೇ. ಹಲ್ಲುಗಳು ಎದುರುಬದುರಾಗಿ ನಿಂತರೆ ಮೋಟಾರು ಕಾಯುತ್ತದೆ, ಕಾಯುತ್ತಿದ್ದೇನೆ ಎನ್ನಲು ದೀಪ ಮಿನುಗಿಸುತ್ತದೆ. ನೀವು ಅದನ್ನು ಕೆಟ್ಟುಹೋಗಿದೆ ಎಂದು ಓದಿಕೊಂಡಿರಿ. ಗಾಡಿ ನಿಲ್ಲಿಸಿ, ನ್ಯೂಟ್ರಲ್‌ಗೆ ತಂದು, ಕ್ಲಚ್ ಪೂರ್ತಿ ತುಳಿದು ಸ್ವಿಚ್ ತಿರುಗಿಸಿ. ಆಟೊಮ್ಯಾಟಿಕ್ ಆದರೆ ಬ್ರೇಕ್ ತುಳಿದಿರಬೇಕು. ಐದಾರು ಸೆಕೆಂಡಾದರೂ ಮಿನುಗುತ್ತಲೇ ಇದ್ದರೆ ಗಾಡಿಯನ್ನು ತುಸು ಉರುಳಲು ಬಿಡಿ. ಅದಕ್ಕೇ ಗಟ್ಟಿ ನೆಲದಲ್ಲಿ ಹಾಕಿ ಎಂದದ್ದು. ಏರಿನ ನಡುವೆ ಹೂತ ಮೇಲೆ ಉರುಳಿಸುವುದಾದರೂ ಎಲ್ಲಿಗೆ? ಹೊರಗೆ ಬಂದು ಟೂ ವ್ಹೀಲ್‌ಗೆ ಮರಳುವಾಗಲೂ ದೀಪ ಆರದಿದ್ದರೆ ನೇರವಾಗಿ ಎರಡು ಮೂರು ಮೀಟರ್ ರಿವರ್ಸ್ ಹೋಗಿ. ಒಳಗೆ ಬಿಗಿದುಕೊಂಡ ಶಾಫ್ಟುಗಳು ಸಡಿಲಾಗಿ ಗೇರು ಬಿಡುತ್ತದೆ.

ಕೋಲನ್ನು ತೆಗೆದದ್ದಕ್ಕೆ ಕಾರಣ ಇಲ್ಲದಿಲ್ಲ. ಕೋಲಿಗೆ ನೆಲದಲ್ಲಿ ತೂತು ಬೇಕು, ರಬ್ಬರ್ ಬೂಟು ಬೇಕು, ಅಲ್ಲಿಂದ ಸದ್ದು, ಬಿಸಿ, ಕೆಲವೊಮ್ಮೆ ನೀರೂ ಒಳಗೆ ಬರುತ್ತದೆ. ಸ್ವಿಚ್ಚನ್ನಾದರೆ ಎಲ್ಲಿ ಬೇಕಾದರೂ ಇಡಬಹುದು. ಆದರೆ ಅಂಗೈಗೆ ಸಿಗುತ್ತಿದ್ದ ಉತ್ತರವನ್ನು ಕಿತ್ತುಕೊಂಡು ಒಂದು ಹಸಿರು ಚುಕ್ಕೆ ಕೊಟ್ಟಿದ್ದಾರೆ, ಆ ಚುಕ್ಕೆಯ ಭಾಷೆ ಯಾರೂ ಕಲಿಸಿಲ್ಲ. ನನ್ನ ಸಿಟ್ಟೆಲ್ಲ ಇರುವುದು ಇಲ್ಲಿಯೇ. ಹೊಸ ಗಾಡಿಗಳು ಹೆಚ್ಚಿನ ಕೆಲಸ ಚೆನ್ನಾಗಿಯೇ ಮಾಡುತ್ತವೆ, ಏನು ಮಾಡುತ್ತಿದ್ದೇವೆ ಎಂದು ಮಾತ್ರ ಹೇಳುವುದಿಲ್ಲ.

ಹೋದ ವರ್ಷ ಆಗಸ್ಟಿನಲ್ಲಿ ಒಬ್ಬರು ಹೊಸ ಗಾಡಿಯೊಂದನ್ನು ಗೂಡ್ಸ್ ಲಾರಿಯ ಮೇಲೆ ಹೇರಿಕೊಂಡು ನಮ್ಮಲ್ಲಿಗೆ ತಂದರು. ಡ್ಯಾಶ್‌ಬೋರ್ಡಿನಲ್ಲಿ ದೀಪಾವಳಿ. ಎಬಿಎಸ್, ಇಎಸ್‌ಪಿ, ಇಳಿಜಾರಿನ ಕಂಟ್ರೋಲ್, ಫೋರ್ ವ್ಹೀಲ್ ಎಲ್ಲವೂ ಕೆಂಪು ಹಳದಿ. ಷೋರೂಮಿನಲ್ಲಿ ದುಬಾರಿ ಕಂಟ್ರೋಲ್ ಯೂನಿಟ್ ಹೋಗಿದೆ ಎಂದಿದ್ದರಂತೆ. ನಮ್ಮ ಹುಡುಗ ಹಿಂದಿನ ಎಡ ಚಕ್ರದ ಒಳಗೆ ಟಾರ್ಚು ಬಿಟ್ಟು ನೋಡಿದ. ವೇಗ ಎಣಿಸುವ ಸೆನ್ಸರಿನ ಮೂತಿಗೆ ಕೆಂಪು ಮಣ್ಣು ಇಟ್ಟಿಗೆಯಂತೆ ಗಟ್ಟಿಯಾಗಿ ಕೂತಿತ್ತು, ಅದರೊಳಗೆ ಒಂದು ಸಿಲ್ವರ್ ಓಕ್ ಎಲೆ. ನೀರು ಹೊಡೆದು ಕೆರೆದು, ಸ್ಕ್ಯಾನರಿನಲ್ಲಿ ದೋಷ ಅಳಿಸಿದೆವು. ನಾಲ್ಕು ವ್ಯವಸ್ಥೆಗಳೂ ಅದೇ ಒಂದು ಸೆನ್ಸರಿನ ಮಾತು ನಂಬಿಕೊಂಡಿದ್ದವು, ಅದು ಸುಮ್ಮನಾದಾಗ ಎಲ್ಲವೂ ಕೈಚೆಲ್ಲಿದ್ದವು. ಮಳೆಗಾಲದಲ್ಲಿ ಚಕ್ರದ ಒಳಮೈಗೆ ವಾರಕ್ಕೊಮ್ಮೆ ಪೈಪಿನಿಂದ ನೀರು ಹೊಡೆಯಿರಿ. ಗಾಡಿ ನಿಲ್ಲಿಸುವ ಷೆಡ್ಡಿನಲ್ಲಿ ಇಲಿಗಳಿದ್ದರೆ ಅದನ್ನೂ ನೋಡಿಕೊಳ್ಳಿ. ಹಳೆಯ ಜೀಪಿನಲ್ಲಿ ಇಲಿ ಒಂದು ವೈರು ಕಡಿದರೆ ಹಾರ್ನು ಹೋಗುತ್ತಿತ್ತು, ಈಗ ಗಾಡಿಯೇ ಹೊರಡುವುದಿಲ್ಲ.

ಪರದೆಯ ಬಗ್ಗೆ ನನ್ನದೇನೂ ವಾದವಿಲ್ಲ, ನೀವು ಹೇಳಿದ್ದು ನೂರಕ್ಕೆ ನೂರು ನಿಜ. ಕುಲುಕುವ ದಾರಿಯಲ್ಲಿ, ಒದ್ದೆ ಬೆರಳಿನಲ್ಲಿ, ಗಾಜು ಮಬ್ಬಾದಾಗ ಆ ಚೌಕಗಳನ್ನು ಮುಟ್ಟುವುದು ನಡುಗುವ ದೋಣಿಯಲ್ಲಿ ಸೂಜಿಗೆ ದಾರ ಪೋಣಿಸಿದಂತೆ. ಯುರೋಪಿನಲ್ಲೂ ಈ ಗೊಣಗಾಟ ಜೋರಾಗಿಯೇ ಎದ್ದಿತು. ಅಲ್ಲಿನ ಸುರಕ್ಷತಾ ಪರೀಕ್ಷೆ ನಡೆಸುವ ಯೂರೋ ಎನ್‌ಸಿಎಪಿ ಸಂಸ್ಥೆ 2026ರಿಂದ ಇಂಡಿಕೇಟರ್, ಅಪಾಯ ಸೂಚಕ ದೀಪ, ವೈಪರ್, ಹಾರ್ನ್, ತುರ್ತು ಕರೆ ಇವಿಷ್ಟಕ್ಕಾದರೂ ಕೈಗೆ ಸಿಗುವ ಗುಂಡಿ ಇಲ್ಲದಿದ್ದರೆ ಪೂರ್ಣ ಅಂಕ ಕೊಡುವುದಿಲ್ಲ ಎಂದಿದೆ. ಎಸಿ ಆ ಪಟ್ಟಿಯಲ್ಲಿಲ್ಲ. ಮಲೆನಾಡಿನ ಜಡಿಮಳೆಯಲ್ಲಿ ಗಾಜಿನ ಮಬ್ಬು ತೆಗೆಯುವುದೂ ಸುರಕ್ಷತೆಯೇ ಎಂದು ಅವರಿಗೆ ಹೇಳುವವರು ಯಾರು? ನಿಮಗೆ ಸದ್ಯದ ದಾರಿ ಇಷ್ಟೇ: ಮನೆಯಿಂದ ಹೊರಡುವಾಗಲೇ ಗಾಳಿಯನ್ನು ಗಾಜಿನ ಕಡೆ ತಿರುಗಿಸಿ ಬಿಟ್ಟುಬಿಡಿ. ಮುಂಗಾಜಿನ ಮಬ್ಬು ತೆಗೆಯಲು ಪ್ರತ್ಯೇಕ ಗುಂಡಿ ಅನೇಕ ಗಾಡಿಗಳಲ್ಲಿ ಇನ್ನೂ ಉಳಿದಿದೆ, ಹುಡುಕಿ.

ಕಂಪನಿಗಳು ಕೇಳಿಸಿಕೊಳ್ಳುವುದೇ ಇಲ್ಲ ಎಂದಲ್ಲ. 2024ರ ಆಗಸ್ಟಿನಲ್ಲಿ ಐದು ಬಾಗಿಲಿನ ಥಾರ್ ರಾಕ್ಸ್ ಬಂದಾಗ ಒಳಗೆಲ್ಲ ದಂತದ ಬಿಳುಪು. ಕೆಸರಿಗೆಂದೇ ಹುಟ್ಟಿದ ಗಾಡಿಗೆ ಮದುವೆ ಮಂಟಪದ ಬಣ್ಣ! ಜನ ಗೊಣಗಿದರು, ಕೆಲವೇ ವಾರಗಳಲ್ಲಿ ಫೋರ್ ವ್ಹೀಲ್ ಮಾದರಿಗೆ ಕಂದು ಬಣ್ಣದ ಆಯ್ಕೆ ಬಂತು.

ಈಗ ಡಿಪಿಎಫ್. ಇದನ್ನು ಮಾತ್ರ ಇವತ್ತೇ ನೋಡಿ, ಉಳಿದದ್ದಕ್ಕೆ ಕಾಲಾವಕಾಶವಿದೆ. 2020ರ ಏಪ್ರಿಲ್ 1ರಿಂದ ಜಾರಿಗೆ ಬಂದ ಬಿಎಸ್6 ನಿಯಮದ ಪ್ರಕಾರ ಡೀಸೆಲ್ ಹೊಗೆಯ ಮಸಿ ಮಿತಿ ಮೀರಿ ಹೊರಗೆ ಹೋಗುವಂತಿಲ್ಲ. ಹೊಗೆ ಕೊಳವೆಯಲ್ಲಿ ಜೇನುಗೂಡಿನಂತಹ ಸೋಸುಕವೊಂದು ಆ ಮಸಿಯನ್ನು ಹಿಡಿದಿಡುತ್ತದೆ, ಅದೇ ಡಿಪಿಎಫ್. ತುಂಬಿದಾಗ ಇಂಜಿನ್ ಹೆಚ್ಚುವರಿ ಡೀಸೆಲ್ ಚಿಮ್ಮಿಸಿ ಸೋಸುಕವನ್ನು ಸುಮಾರು 600 ಡಿಗ್ರಿಗೆ ಕಾಯಿಸಿ ಮಸಿಯನ್ನು ಸುಟ್ಟು ಹಾಕುತ್ತದೆ. ಇದಕ್ಕೆ ಗಾಡಿ ಇಪ್ಪತ್ತು ನಿಮಿಷವಾದರೂ ಒಂದೇ ವೇಗದಲ್ಲಿ ಓಡುತ್ತಿರಬೇಕು. ನಿಮ್ಮ ಗಾಡಿಯ ದಿನಚರಿ ಏನು? ಬೆಳಿಗ್ಗೆ ಕಣ, ಮಧ್ಯಾಹ್ನ ಪಂಪ್‌ಹೌಸ್, ಸಂಜೆ ಪೇಟೆಗೆ ನಾಲ್ಕು ಕಿಲೋಮೀಟರ್. ಸುಡಲು ಶುರುಮಾಡಿದಾಗಲೆಲ್ಲ ನೀವು ಇಂಜಿನ್ ಆರಿಸಿರುತ್ತೀರಿ. ಒಲೆ ಹೊತ್ತಿಕೊಳ್ಳುವ ಹೊತ್ತಿಗೆ ನೀರು ಎರಚಿದಂತೆ.

ದೀಪ ಹಳದಿಯಿದ್ದು ಗಾಡಿಯ ಬಲ ಇನ್ನೂ ತಗ್ಗದಿದ್ದರೆ ಹಾಸನದ ಕಡೆಗೆ ಹೊರಡಿ. ಸುಮಾರು ನಲವತ್ತು ಕಿಲೋಮೀಟರ್ ದಾರಿ. ಒಂದು ಗೇರು ಕೆಳಗಿಟ್ಟು, ಇಂಜಿನ್ ಎರಡು ಸಾವಿರ ಸುತ್ತಿನ ಮೇಲಿರುವಂತೆ, ಅರುವತ್ತರ ಮೇಲಿನ ಒಂದೇ ವೇಗದಲ್ಲಿ ಓಡಿಸಿ. ದೀಪ ಆರಿದ ಮೇಲೆ ಕಾಫಿ ಕುಡಿದು ಹಿಂತಿರುಗಿ. ಮುಂದೆಯೂ ವಾರಕ್ಕೊಮ್ಮೆ ಇಂಥದೊಂದು ಓಟ ಇರಲಿ. ನಿಂತಾಗ ಇಂಜಿನ್ ಮಾಮೂಲಿಗಿಂತ ಜೋರಾಗಿದ್ದು, ಕೆಳಗಿನಿಂದ ಕಾದ ವಾಸನೆ ಬಂದರೆ ಸುಡುವ ಕೆಲಸ ನಡೆಯುತ್ತಿದೆ ಎಂದರ್ಥ, ಆರಿಸಬೇಡಿ. ಬೇಸಿಗೆಯಲ್ಲಿ ಒಣ ತರಗೆಲೆಯ ಮೇಲೆ ಮಾತ್ರ ಆ ಸ್ಥಿತಿಯಲ್ಲಿ ಗಾಡಿ ನಿಲ್ಲಿಸಲೇಬೇಡಿ, ತೋಟಕ್ಕೆ ಬೆಂಕಿ ಬಿದ್ದೀತು. ಎಣ್ಣೆ ಬದಲಿಸುವಾಗ ಕೈಪಿಡಿ ಹೇಳಿದ ದರ್ಜೆಯದನ್ನೇ ಹಾಕಿಸಿ. ಬೂದಿ ಹೆಚ್ಚು ಬಿಡುವ ಅಗ್ಗದ ಎಣ್ಣೆ ಸೋಸುಕವನ್ನು ಖಾಯಂ ಕಟ್ಟಿಸುತ್ತದೆ, ಬೂದಿ ಎಷ್ಟು ಕಾಯಿಸಿದರೂ ಸುಡುವುದಿಲ್ಲ. ಸೋಸುಕವನ್ನೇ ಕಿತ್ತು ಖಾಲಿ ಡಬ್ಬಿ ಕೂರಿಸಿಕೊಡುತ್ತೇವೆ ಎನ್ನುವವರು ಸಿಗುತ್ತಾರೆ. ಅದು ಕಾನೂನಿಗೆ ವಿರುದ್ಧ, ವಾರಂಟಿಯೂ ಹೋಗುತ್ತದೆ. ನಾನು ಮಾಡುವುದಿಲ್ಲ, ಮಾಡಿಸಬೇಡಿ.

ಮಾರಬೇಕೇ ಎಂದು ಕೇಳಿದ್ದೀರಿ. ಕೋಲೇ ಬೇಕು ಎನ್ನುವವರಿಗೆ ಬಾಗಿಲು ಪೂರ್ತಿ ಮುಚ್ಚಿಲ್ಲ. 2020ರ ಮೂರು ಬಾಗಿಲಿನ ಥಾರ್‌ನಲ್ಲೂ, ಮಾರುತಿಯ 2023ರ ಜಿಮ್ನಿಯಲ್ಲೂ ಚಿಕ್ಕ ಕೋಲು ಇದೆ. ಫೋರ್ಸ್ ಕಂಪನಿಯ ಗೂರ್ಖಾದಲ್ಲಿ ಹಿಂದೆ ಮುಂದೆ ಎರಡೂ ಕಡೆ ನಿಜವಾದ ಲಾಕು. ಆದರೆ ಜಿಮ್ನಿಯಲ್ಲಿ ನಾಲ್ಕು ಮೂಟೆ ಕಾಫಿ ಹೇರುವ ಆಸೆ ಬೇಡ, ಗೂರ್ಖಾದಲ್ಲಿ ಬೆಂಗಳೂರಿಗೆ ಹೋಗಿಬಂದರೆ ನಿಮ್ಮ ಮನೆಯವರು ಏನೆನ್ನುತ್ತಾರೋ ನನ್ನನ್ನು ಕೇಳಬೇಡಿ. ಮಕ್ಕಳ ಒತ್ತಾಯಕ್ಕೂ ಒಂದು ನ್ಯಾಯವಿದೆ. ನಿಮ್ಮ ಹಳೆಯ ಜೀಪಿನಲ್ಲಿ ಏರ್‌ಬ್ಯಾಗ್ ಒಂದೂ ಇಲ್ಲ. 2020ರ ಥಾರ್ ಗ್ಲೋಬಲ್ ಎನ್‌ಸಿಎಪಿ ಸಂಸ್ಥೆಯ ಡಿಕ್ಕಿ ಪರೀಕ್ಷೆಯಲ್ಲಿ ಐದರಲ್ಲಿ ನಾಲ್ಕು ನಕ್ಷತ್ರ ಪಡೆಯಿತು. ರಾತ್ರಿ ಶಿರಾಡಿಯಲ್ಲಿ ಎದುರಿನಿಂದ ಟ್ಯಾಂಕರ್ ಬರುವಾಗ ನಾನು ಯಾವುದರಲ್ಲಿ ಕುಳಿತಿರಲು ಬಯಸುತ್ತೇನೆ ಎಂದರೆ, ಹೊಸದರಲ್ಲಿ.

ಹಾಗಾಗಿ ಟೈರು ಬದಲಿಸಿ, ಒಂದು ಮಳೆಗಾಲ ತಾಳಿ. ಜೀಪನ್ನೂ ಮಾರಬೇಡಿ. ಅದರ ನೋಂದಣಿಗೆ 2027ರಲ್ಲಿ ಹದಿನೈದು ವರ್ಷ ತುಂಬುತ್ತದೆ, ಅಷ್ಟರೊಳಗೆ ಷಾಸಿಯ ತುಕ್ಕು ಕೆರೆಸಿ ಬಣ್ಣ ಹೊಡೆಸಿದರೆ ತಪಾಸಣೆ ಸುಲಭ. ಹಾಸನಕ್ಕೆ ಹೊರಡುವ ಮೊದಲು ಹೊಸ ಗಾಡಿಯ ಬಾನೆಟ್ ಎತ್ತಿ ಎಣ್ಣೆಯ ಕಡ್ಡಿ ಎಳೆದು ನೋಡಿ. ಅರ್ಧಕ್ಕೆ ನಿಂತ ಸುಡುವಿಕೆಯ ಡೀಸೆಲ್ ಇಂಜಿನ್ ಎಣ್ಣೆಗೆ ಇಳಿದಿದ್ದರೆ ಮಟ್ಟ ಕಡಿಮೆಯಾಗುವ ಬದಲು ಏರಿರುತ್ತದೆ. ಮೇಲಿನ ಗೆರೆ ದಾಟಿದ್ದರೆ ಹಾಸನಕ್ಕೆ ಹೋಗುವುದೇ ಬೇಡ, ಮೊದಲು ಎಣ್ಣೆ ಬದಲಿಸಿ.